ಒಂದೇ ಉಂಡೆಯ ಜೋಡಿ ಕಾಲುಚೀಲ

ಹೂಂಗುಡೋರು ಮುಂದೆ ಬನ್ನಿ, ತೂಕಡಿಸೋರು ಗೋಡೆ ಕಡೆ ಸರೀರಿ. ನಗಬೇಡಿ ಅಂತ ನಾನು ಹೇಳಲ್ಲ. ಆದರೆ ಕಾಟವ್ವ ನಗಲಿಲ್ಲ, ಅಷ್ಟು ನೆನಪಿಟ್ಕೊಳ್ಳಿ.

ಗಾಳಿಗುಡ್ಡದ ಮೇಲೊಂದು ಕುರಿ ಕಾಯೋರ ಹಟ್ಟಿ. ಅಲ್ಲಿ ಕಾಟವ್ವ ಅಂತ ಒಬ್ಬ ಮುದುಕಿ, ಅವಳಿಗೊಬ್ಬನೇ ಮಗ ಜುಂಜ. ಆಳು ನೋಡಿದರೆ ಬಾಗಿಲು ತುಂಬ ನಿಲ್ಲೋ ಹಾಗಿದ್ದ. ಬುದ್ಧಿ ಮಾತ್ರ ಹೊಸ್ತಿಲ ಆಚೆಗೇ ಉಳಿದುಬಿಟ್ಟಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಗುಣ, ಅದೇ ಅವನ ರೋಗ.

ಕಾಟವ್ವ ಉಣ್ಣೆ ನೂತು, ಬಿದಿರು ಕಡ್ಡೀಲಿ ಕಾಲುಚೀಲ ಹೆಣೆದು ಮಾರಿ ಮಗನನ್ನ ಸಾಕಿದಳು. ಮಾಗಿ ಚಳೀಲಿ ಮಂದೆ ಕಾಯೋರಿಗೆ ಅವಳ ಕಾಲುಚೀಲವೇ ಆಗಬೇಕು. ಈಗ ನೋಡಿದರೆ ಕಣ್ಣಿಗೆ ಪೊರೆ ಬಂದು ಕೂತಿತ್ತು. ಕುಣಿಕೆ ಕಾಣದು, ಕಡ್ಡಿ ಎಲ್ಲಿಗೋ ಚುಚ್ಚೋಳು, ನಿಟ್ಟುಸಿರು ಬಿಡೋಳು.

ಅವಳ ಅಣ್ಣ ಕ್ಯಾತಪ್ಪ ಕೆಳಗಿನ ಊರಿಂದ ಬಂದ, ಕೂತ, ಹೇಳಿಯೇಬಿಟ್ಟ. "ನೋಡು ತಂಗಿ, ಮಾಗಿ ಮುಗಿಯೋದ್ರೊಳಗೆ ನಿನ್ನ ಮಗ ನೆಟ್ಟಗೆ ಒಂದು ಜೋಡಿ ಹೆಣೆದು ತೋರಿಸಿದ್ರೆ ಸರಿ, ಇಬ್ಬರೂ ಇಲ್ಲೇ ಇರಿ. ಇಲ್ದಿದ್ರೆ ನೀನು ನನ್ನ ಮನೆಗೆ ಬಾ. ಅವನು ಯಾರದಾದ್ರೂ ಮಂದೆ ಹಿಂದೆ ದೇಶದ ಮೇಲೆ ಹೋಗ್ಲಿ. ಅವನನ್ನ ಕಟ್ಕೊಂಡು ಏಗೋಕೆ ನನ್ನ ಕೈಲಾಗಲ್ಲ."

"ದಾರಿ ತಪ್ಪಿಸ್ಕೊಂಡ್ರೆ ವಾಪಸ್ ಬರೋಕೂ ಗೊತ್ತಾಗಲ್ಲ ಅಣ್ಣಾ ಅವನಿಗೆ!"

"ಅದಕ್ಕೇ ಹೆಣೆಯೋದು ಕಲಿಸು!"

ಮಾರನೆ ದಿನವೇ ಕಾಟವ್ವ ಮಗನನ್ನ ಒಲೆ ಮುಂದೆ ಕೂರಿಸ್ಕೊಂಡಳು, ಕೈ ಹಿಡಿದು ಕಲಿಸಿದಳು. ಏನಾಶ್ಚರ್ಯ, ತಲೆಗೆ ಹತ್ತದ್ದು ಕೈಗೆ ಹತ್ತಿತು! ಕುಣಿಕೆ ಮೇಲೆ ಕುಣಿಕೆ ಸರಾಗವಾಗಿ ಬೀಳ್ತಾ ಬಂತು.

"ನಾನು ಪಕ್ಕದ ಮನೆಯೋರ ಕೈ ಹಿಡ್ಕೊಂಡು ಆಚೆ ಹಟ್ಟಿಗೆ ಹೋಗಿ ಉಣ್ಣೆ ತರ್ತೀನಿ. ನಾನು ಬರೋವರೆಗೂ ಕೈ ನಿಲ್ಲಿಸಬೇಡ ಮಗಾ," ಅಂದಳು.

"ಹಾಗೇ ಆಗ್ಲಿ ಅವ್ವಾ," ಅಂದ.

ಹೋದ ಕಡೆ ಜ್ವರ ಬಂತು, ಅಲ್ಲೇ ಮಲಗಿಬಿಟ್ಟಳು. ಸುಧಾರಿಸ್ಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಕಾಲಿಗೆ ಏನೋ ತೊಡರಿತು. ಒಲೆ ಮುಂದಿಂದ ಹೊರಟ ಕಾಲುಚೀಲ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಿತ್ತು!

"ಏನೋ ಇದು!"

"ಕಾಲುಚೀಲ. ನೀನು ಬರಲಿಲ್ಲ, ನಾನು ನಿಲ್ಲಿಸಲಿಲ್ಲ."

"ಊಟ ಮಾಡಿದೆಯೇನೋ?"

"ಕೈ ನಿಲ್ಲಿಸಬೇಡ ಅಂದಿದ್ದೆಯಲ್ಲ ಅವ್ವಾ."

ಬೈಯೋಣ ಅಂದರೆ ಅವನು ಹಸಿದು ಕೂತಿದ್ದ. ಮೊದಲು ಮುದ್ದೆ ತಿನ್ನಿಸಿದಳು, ಆಮೇಲೆ ಬೈದಳು. "ಅಯ್ಯೋ ನನ್ನ ಹಣೆಬರಹವೇ! ಅಳತೆ ನೋಡಿ ನಿಲ್ಲಿಸಬೇಕು ಕಣೋ! ಬೆಳಿಗ್ಗೆ ಬಾಗಿಲಿಗೆ ಯಾರು ಮೊದಲು ಬರ್ತಾರೋ ಅವರ ಕಾಲು ಅಳೆದು ಹೆಣಿ!"

"ಹಾಗೇ ಆಗ್ಲಿ ಅವ್ವಾ."

ಬೆಳಿಗ್ಗೆ ಬಾಗಿಲಿಗೆ ಮೊದಲು ಬಂದದ್ದು ಯಾರು ಅಂತೀರಿ? ಪಕ್ಕದ ಮನೆ ಕುರಿ! ಜುಂಜ ಅಳೆದ, ಹೆಣೆದ, ನಾಲ್ಕೂ ಕಾಲಿಗೆ ತೊಡಿಸಿದ. ಪಾಪ, ಕುರಿ ಬಂಡೆ ಮೇಲೆ ಕಾಲಿಟ್ಟಿತು, ಸರ್ರಂತ ಜಾರಿ ಬಿತ್ತು. ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಕಾಟವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಮನುಷ್ಯರಿಗೆ ಕಣೋ, ಮನುಷ್ಯರಿಗೆ! ಮನುಷ್ಯರಿಗೆ ಎರಡು ಕಾಲು! ಒಂದನ್ನ ಮುಗಿಸಿ ಇನ್ನೊಂದು ಹಿಡಿದ್ರೆ ಒಂದು ಬಿಗಿ ಆಗುತ್ತೆ, ಒಂದು ಸಡಿಲ ಆಗುತ್ತೆ. ಎರಡನ್ನೂ ಒಟ್ಟಿಗೇ ಹೆಣಿ. ಒಂದೇ ಉಂಡೆಯ ಎರಡು ತುದಿ ತಗೋ, ಇದಕ್ಕೊಂದು ಸುತ್ತು, ಅದಕ್ಕೊಂದು ಸುತ್ತು. ಒಂದಕ್ಕೆ ಏನು ಮಾಡ್ತೀಯೋ ಇನ್ನೊಂದಕ್ಕೂ ಅದನ್ನೇ ಮಾಡು!"

"ಹಾಗೇ ಆಗ್ಲಿ ಅವ್ವಾ."

ಈ ಸಲ ಜೋಡಿ ಚೆನ್ನಾಗಿ ಬಂತು. ಇದಕ್ಕೊಂದು ಸುತ್ತು, ಅದಕ್ಕೊಂದು ಸುತ್ತು. ಕಾಟವ್ವ ಮುಟ್ಟಿ ನೋಡಿದಳು, ಹಿಮ್ಮಡಿ ಒಂದಕ್ಕೊಂದು ಸಮ. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದಳು. ಎದ್ದರೆ ಮನೆ ತುಂಬ ಸುಟ್ಟ ಉಣ್ಣೆಯ ವಾಸನೆ!

"ಏನಾಯ್ತೋ!"

"ಒಲೆಯಿಂದ ಕಿಡಿ ಹಾರಿ ಒಂದು ತೂತಾಯ್ತು ಅವ್ವಾ. ಇನ್ನೊಂದಕ್ಕೂ ನಾನೇ ಕೊಳ್ಳಿ ಇಟ್ಟೆ. ಈಗ ಎರಡೂ ಸಮ."

ಕಾಟವ್ವ ಹಣೆ ಹಣೆ ಚಚ್ಚಿಕೊಂಡಳು. ಅತ್ತಳು. ಮಾಗಿ ಮುಗೀತಾ ಬಂದಿತ್ತು, ಮನೇಲಿ ಉಳಿದದ್ದು ಒಂದೇ ಒಂದು ಉಂಡೆ. "ಕೇಳು ಮಗಾ, ಇದೇ ಕಡೆ ಸಲ. ಜೊತೆಜೊತೆಗೆ ನಡೆಯೋ ಎರಡು ಕಾಲು ನೋಡಿ ಅಳತೆ ತಗೋ. ಒಂದನ್ನ ಬಿಟ್ಟು ಒಂದು ಹೋಗಬಾರದು, ಅಂಥ ಕಾಲು! ಬೆಂಕಿ ಹತ್ರ ಕೂರಬೇಡ. ನಾನು ಹೇಳೋವರೆಗೂ ದಾರ ಕತ್ತರಿಸಬೇಡ!"

"ಹಾಗೇ ಆಗ್ಲಿ ಅವ್ವಾ."

ಜುಂಜ ಹೊರಗೆ ಚಳೀಲಿ ಕೂತು ಹೆಣೆದ. ಕೊನೆಯ ಸುತ್ತು ಮುಗಿಯೋದಕ್ಕೂ ಕ್ಯಾತಪ್ಪ ಬರೋದಕ್ಕೂ ಸರಿಹೋಯ್ತು. ಕ್ಯಾತಪ್ಪ ಎರಡನ್ನೂ ಎತ್ತಿ ಹಿಡಿದು ನೋಡಿದ.

"ಥೂ ಪೆದ್ದೇ! ಇದೂ ಒಂದು ಜೋಡಿಯೇನೋ? ಒಂದು ದೊಡ್ಡದು, ಒಂದು ಚಿಕ್ಕದು!"

"ಜೋಡಿಯೇ ಮಾವ. ಚಿಕ್ಕದು ಅವ್ವನ ಬಲಗಾಲಿಂದು, ದೊಡ್ಡದು ನನ್ನ ಎಡಗಾಲಿಂದು. ಅವ್ವನಿಗೆ ಕಣ್ಣು ಮಂಜಾದಾಗಿಂದ ನಾನೇ ಕೈ ಹಿಡ್ಕೊಂಡು ಓಡಾಡಿಸ್ತೀನಿ. ಆ ಎರಡು ಕಾಲೇ ಪಕ್ಕಪಕ್ಕ ನಡೆಯೋದು. ಒಂದನ್ನ ಬಿಟ್ಟು ಒಂದು ಹೋಗಲ್ಲ."

ಹೇಳ್ತಾ ಹೇಳ್ತಾ ಅವಳ ಕಾಲಿಗೊಂದು ತೊಡಿಸಿದ, ತನ್ನ ಕಾಲಿಗೊಂದು ಹಾಕ್ಕೊಂಡ. ಎರಡರ ಬೆರಳ ತುದಿಯ ನಡುವೆ ಕತ್ತರಿಸದ ದಾರ ಹಾಗೇ ಇತ್ತು.

"ಸಾಕು, ಹೊರಡು ತಂಗಿ," ಅಂತ ಕ್ಯಾತಪ್ಪ ಸೊಂಟದಿಂದ ಚೂರಿ ತೆಗೆದ. ದಾರಕ್ಕೆ ಕೈ ಹಾಕಿದ.

"ಕತ್ತರಿಸಬೇಡ ಅಣ್ಣಾ!"

ಕಾಟವ್ವ ಬಗ್ಗಿ ತನ್ನ ಕಾಲನ್ನ ಬೆರಳಿಂದ ಹಿಮ್ಮಡಿವರೆಗೂ ಸವರಿದಳು. ಒಂದು ಕುಣಿಕೆಯೂ ತಪ್ಪಿರಲಿಲ್ಲ. ಬೆಚ್ಚಗಿತ್ತು. ಇಷ್ಟು ವರ್ಷ ಊರಿಗೆಲ್ಲ ಹೆಣೆದಿದ್ದಳು, ಅವಳ ಕಾಲಿಗೆ ಯಾರೂ ಹೆಣೆದಿರಲಿಲ್ಲ. "ಕೈ ಅವನದಿದೆ, ತಲೆ ನಂದಿದೆ. ಇಬ್ಬರೂ ಸೇರಿದ್ರೆ ಒಂದು ಪೂರಾ ಆಳಾಗ್ತೀವಿ. ನಾನು ಬರಲ್ಲ ಅಣ್ಣಾ."

"ಹುಚ್ಚು ಅವನಿಗೋ ನಿನಗೋ! ಏನಾದ್ರೂ ಮಾಡ್ಕೊಳ್ಳಿ!" ಅಂತ ಕ್ಯಾತಪ್ಪ ಎದ್ದುಬಿಟ್ಟ.

ಮನೆಗೆ ಬಂದ ಅಣ್ಣನನ್ನ ಹಾಗೇ ಕಳಿಸೋಕಾಗುತ್ಯೇ? "ಮಗಾ, ಮಾವನ್ನ ಗುಡ್ಡದ ಬುಡದವರೆಗೂ ಕಳಿಸಿ ಬಾ," ಅಂದುಬಿಟ್ಟಳು.

"ಹಾಗೇ ಆಗ್ಲಿ ಅವ್ವಾ." ಕಾಲುಚೀಲದ ಮೇಲೇ ಮೆಟ್ಟು ಬಿಗಿಯಾಗಿ ಹಾಕ್ಕೊಂಡ, ಹೊರಟೇಬಿಟ್ಟ!

ಅವನು ನಡೆದ ಹಾಗೆಲ್ಲ ದಾರ ಎಳೆದು ಇವಳ ಕಾಲುಚೀಲ ಬಿಚ್ಚಿತು. ಬೆರಳಿಗೆ ಗಾಳಿ ತಾಗಿತು. ಅಂಗಾಲು ತಣ್ಣಗಾಯ್ತು. ಹಿಮ್ಮಡಿ ಹೋಯ್ತು. ಕಾಟವ್ವ ಕೂಗಲಿಲ್ಲ. ಕಡೆಗೆ ಉಳಿದ ತುದಿಯನ್ನ ಬೆರಳಿಗೆ ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತಳು. ದಾರ ಬಿಗಿಯಾದಾಗ ಎಳೆದತ್ತ ಕೈ ಚಾಚಿದಳು.

ಬಹಳ ಹೊತ್ತಿನ ಮೇಲೆ ದಾರ ಸಡಿಲಾಯ್ತು. ಜುಂಜ ಅದನ್ನೇ ಉಂಡೆ ಸುತ್ತುತ್ತಾ, ಒಂಚೂರೂ ದಾರಿ ತಪ್ಪದೆ ಗುಡ್ಡ ಹತ್ತಿ ಬಂದ.

"ದಾರ ಕತ್ತರಿಸಿಲ್ಲ ಅವ್ವಾ!"

ಆಮೇಲೆ ಅವಳ ಬರಿಗಾಲು ನೋಡಿದ. ಮುಖ ಚಿಕ್ಕದಾಯ್ತು. ಪಕ್ಕದಲ್ಲಿ ಕೂತ, ಮೆಟ್ಟು ಕಳಚಿದ, ತನ್ನ ಕಾಲುಚೀಲದ ತುದಿ ಹಿಡಿದು ಸರಸರ ಬಿಚ್ಚತೊಡಗಿದ.

"ಏನು ಮಾಡ್ತಿದ್ದೀಯೋ?"

"ಒಂದಕ್ಕೆ ಆದದ್ದು ಇನ್ನೊಂದಕ್ಕೂ ಆಗಬೇಕಲ್ಲ ಅವ್ವಾ."

ಅವತ್ತು ಕಾಟವ್ವ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಅವನು ಬಿಚ್ಚಿದ ಉಣ್ಣೆಯನ್ನ ಅದೇ ಉಂಡೆಗೆ ಸುತ್ತುತ್ತಾ ಕೂತಳು.