ಕನ್ನಡಿ ಕೊಡದ ಗುರು

ಮರುಳಯ್ಯನವರು ಹಗಲುವೇಷದವರು. ಹಾಡುಹಗಲಲ್ಲೇ ಬಣ್ಣ ಹಚ್ಚಿಕೊಂಡು ಊರ ಓಣಿಗಳಲ್ಲಿ ಜನರನ್ನು ನಗಿಸುವುದು ಅವರ ಕಸುಬು. ಇವತ್ತು ದರೋಡೆಕೋರ, ನಾಳೆ ಬಸುರಿ, ನಾಡಿದ್ದು ಯಮ. ಒಂದು ವೇಷ ಹಳತಾಗುವ ಮೊದಲೇ ಇನ್ನೊಂದು ಕಟ್ಟುತ್ತಿದ್ದರು.

ಶಿಷ್ಯ ಶರಭನಿಗೆ ಇದ್ದದ್ದು ಒಂದೇ ವೇಷ, ಕಿವುಡ ಮುದುಕಿಯದು. ಹನ್ನೆರಡು ವರ್ಷ ಅದೇ ಸೀರೆ, ಅದೇ ಮಾತು. ಪುಣ್ಯಾತ್ಮ ಸುಖವಾಗಿದ್ದ.

ಹಿಂದಿನ ಊರಿನಲ್ಲಿ ಅವನು ಬಾಯಿ ತೆರೆಯುವ ಮೊದಲೇ ಜನರೇ ಮುದುಕಿಯ ಮಾತು ಹೇಳಿಬಿಟ್ಟರು. ಅವನು ಹೇಳಿದಾಗ ಒಬ್ಬರೂ ನಗಲಿಲ್ಲ. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೊಸ ಊರಿನ ಹೊಳೆದಂಡೆಯಲ್ಲಿ ಬಿಡಾರ ಹೂಡಿದ್ದರು. ಬೆಳಿಗ್ಗೆ ಶರಭ ಗುರುಗಳ ಮುಂದೆ ಕುಳಿತ.

"ಅಪ್ಪಾರ, ಅಂಜಿಕಿ ಆಗೈತ್ರಿ. ಇವತ್ತೂ ಯಾರೂ ನಗಲಿಲ್ಲಂದ್ರ ನಾ ವೇಷಾ ಬಿಟ್ಟಬಿಡ್ತೀನ್ರಿ."

"ಬಿಡು."

ಶರಭ ತಲೆಯೆತ್ತಿ ನೋಡಿದ. "ನಿಮಗ ಎಂದೂ ಅಂಜಿಕಿ ಆಗಿಲ್ಲೇನ್ರಿ?"

ಮರುಳಯ್ಯ ಅವನ ಅಂಗೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು. ಎಪ್ಪತ್ತು ವರ್ಷದ ಆ ಎದೆ ಕಟ್ಟಿಹಾಕಿದ ಕರುವಿನಂತೆ ಒದ್ದಾಡುತ್ತಿತ್ತು.

ಶರಭನಿಗೆ ಇನ್ನಷ್ಟು ಹೆದರಿಕೆಯಾಯಿತು.

"ಕಣ್ಣ ಮುಚ್ಚು."

ಬಣ್ಣ ಮೆತ್ತಿದ ತಣ್ಣನೆಯ ಬೆರಳುಗಳು ಅವನ ಹಣೆ, ಕೆನ್ನೆ, ಗದ್ದದ ಮೇಲೆಲ್ಲ ಓಡಾಡಿದವು. ಮೈಗೆ ಬರೀ ಒಂದು ಕಂಬಳಿ ಸುತ್ತಿದರು.

"ಕನ್ನಡಿ ಕೊಡ್ರಿ."

"ಇಲ್ಲ."

"ಯಾರ ವೇಷಾ ಅಂತ ಗೊತ್ತಿಲ್ದ ಏನ್ ಮಾತಾಡ್ಲಿ?"

"ನೋಡಿದವ್ರು ಹೇಳ್ತಾರ. ನಡಿ."

ಶರಭ ಓಣಿಗೆ ಕಾಲಿಟ್ಟ. ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿದರು. ಒಬ್ಬ ಅಜ್ಜಿ ಸೆರಗು ಎಳೆದುಕೊಂಡಳು. ಎದುರು ಮನೆಯವಳು ಬಾಗಿಲು ಹಾಕಿಕೊಂಡಳು. ತಾನು ದೇವರೋ, ದೆವ್ವವೋ? ಓಡಿಹೋಗಬೇಕೆನಿಸಿತು.

"ಯಾರಪಾ ನೀನು?" ಅಜ್ಜಿ ಕೇಳಿದಳು.

ಮುದುಕಿಯ ಹಳೇ ಮಾತೊಂದು ಗಂಟಲಿಗೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಬೆರಳು ತನ್ನ ಮುಖದತ್ತ ಹೋಯಿತು, ಹೊರಬಿದ್ದದ್ದು ಬೇರೆಯೇ ಮಾತು.

"ಅದನ್ನ ಕೇಳಾಕ ಬಂದೀನಬೇ. ಈ ಮಾರಿ ಯಾರದು? ಗುರ್ತಿದ್ರ ಹೇಳು, ಅವ್ರ ಮನಿಗೆ ಮುಟ್ಟಿಸಿ ಬರ್ತೀನಿ."

ಅಜ್ಜಿ ಕಿಸಕ್ಕನೆ ನಕ್ಕಳು. "ನಮ್ಮ ಬೀಗಂದ ಐತಿ, ಒಯ್ದು ಕೊಡು!"

ಕಟ್ಟೆಯವರು ಹೊಟ್ಟೆ ಹಿಡಿದುಕೊಂಡರು. ಆ ಮುಖದ ವಾರಸುದಾರರನ್ನು ಹುಡುಕುತ್ತ ಅವನು ಮನೆಮನೆಗೆ ಹೋದ. ಬಾಯಿಂದ ಏನೇನೋ ಬಂತು. ಒಂದು ಬಾಗಿಲಲ್ಲಿ ತನ್ನ ಮಾತಿಗೆ ತಾನೇ ನಕ್ಕುಬಿಟ್ಟ.

ಮಧ್ಯಾಹ್ನ ಹೊಳೆಗೆ ಮರಳಿ ಕೇಳಿದ, "ಯಾರ ವೇಷಾ ಬಳದಿದ್ರಿ?"

"ನನಗೇನ್ ಗೊತ್ತು? ನಾನೂ ಕಣ್ಣ ಮುಚ್ಚೇ ಬಳದೆ."

ಶರಭ ನಗಲು ಹೋದ, ಆಗಲಿಲ್ಲ. ಅಂಜಿಕೆ ಮತ್ತೆ ಎದೆಯಲ್ಲಿ ಬಂದು ಕುಳಿತಿತ್ತು.

"ಅಪ್ಪಾರ, ಇವತ್ತ ಬಂದದ್ದು ಬಂತು. ನಾಳೆ ಬಾಯಾಗ ಏನ್ ಬರತೈತೋ, ಏನೂ ಬರೂದ ಇಲ್ಲೋ, ನನಗ ಒಂದೂ ಗೊತ್ತಿಲ್ರಿ."

"ಹೌದಾ?" ಎಂದರು ಮರುಳಯ್ಯ. "ಹಂಗಾರ ನಾಳೆ ನಾನೂ ನೋಡಾಕ ಬರ್ತೀನಿ."