ಅವರೆ ಮೊಳಕೆ ಬೆನ್ನು ಬಾಗಿಸಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಗಾಳಿಗೂ ಮಾತು ಬರುತ್ತಿತ್ತು, ಕಾಳಿಗೂ ಮಾತು ಬರುತ್ತಿತ್ತು. ಆಗೆಲ್ಲ ಮೊಳಕೆಗಳು ತಲೆ ಮುಂದೆ ಮಾಡಿಕೊಂಡು, ನೆಟ್ಟಗೆ, ಮದುಮಗನ ಗತ್ತಿನಲ್ಲಿ ಮಣ್ಣಿಂದ ಮೇಲೆ ಬರುತ್ತಿದ್ದವು.

ಆ ಕಾಲದಲ್ಲಿ ಪುಟ್ಟೀರಮ್ಮ ಅಂತ ಒಬ್ಬಳಿದ್ದಳು. ಕೈ ತುಂಬ ಕೆಲಸ, ತಲೆ ತುಂಬ ಚಿಂತೆ. ಆ ವರ್ಷ ಹಾಳು ಇಲಿಗಳು ಊರೂರಿನ ಬಿತ್ತನೆ ಅವರೆಯನ್ನೆಲ್ಲ ತಿಂದು ತೇಗಿದ್ದವು. ಉಳಿದದ್ದು ಅವಳ ಮನೆಯ ಎರಡೇ ಕಾಳು. ಇಡೀ ಲೋಕಕ್ಕೆ ಎರಡು! ಅವು ಹುಟ್ಟದಿದ್ದರೆ ಇನ್ನು ಯಾರ ಮನೆಯಲ್ಲೂ ಅವರೆಕಾಳು ಸಾರಿನ ಘಮಲಿಲ್ಲ.

"ಹೊಲಕ್ಕೆ ಹಾಕಿದರೆ ನವಿಲು ಹೆಕ್ಕುತ್ತೆ. ಮನೆಯಲ್ಲೇ ಮೊಳಕೆ ಬರಿಸ್ತೀನಿ," ಅಂದಳು ಪುಟ್ಟೀರಮ್ಮ.

ಒಲೆಗೆ ಅಂತ ಇಟ್ಟಿದ್ದ ತೆಂಗಿನ ಕರಟಗಳಲ್ಲಿ ಕಣ್ಣಿರುವ ಎರಡನ್ನು ಆರಿಸಿದಳು. ನೀರು ನಿಲ್ಲಬಾರದಲ್ಲ, ಅದಕ್ಕೆ ಕಣ್ಣು ಚುಚ್ಚಿದಳು. ಮಣ್ಣಿಗೆ ಚೂರು ಒಲೆಬೂದಿ ಬೆರೆಸಿ ತುಂಬಿ, ಒಂದೊಂದರಲ್ಲಿ ಒಂದೊಂದು ಕಾಳು ಇಟ್ಟಳು. ಹರಿದ ಸೀರೆಯ ತುಂಡನ್ನು ಒದ್ದೆ ಮಾಡಿ ಹೊದಿಸಿ, ಕಿಟಕಿಯ ಹತ್ತಿರ ಇಟ್ಟಳು. ಅಷ್ಟಕ್ಕೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಅವಳಿಗೆ ಸಮಾಧಾನ ಎಲ್ಲಿ? ರಾಗಿ ಬೀಸುತ್ತಿದ್ದವಳು ಎದ್ದು ಬಂದಳು. ಬೆರಳಲ್ಲಿ ಒಂದು ಕರಟದ ಮಣ್ಣು ಕೆದಕಿದಳು.

"ಬಂದೆಯೇನಪ್ಪಾ?"

"ಇಲ್ಲ ಕಣವ್ವಾ, ಮುಚ್ಚು," ಅಂತು ಕಾಳು.

ಮುದ್ದೆ ತೊಳಸುತ್ತಿದ್ದವಳು ಎದ್ದು ಬಂದಳು. ಮತ್ತೆ ಕೆದಕಿದಳು.

"ಬಂದೆಯೇನಪ್ಪಾ? ಕೊಳೆತು ಹೋದೆಯೇನಪ್ಪಾ?"

"ಇಲ್ಲ ಕಣವ್ವಾ, ಚಳಿಯಾಗುತ್ತೆ, ಮುಚ್ಚು!"

ಕಿಟಕಿಯಲ್ಲಿ ಕೂತಿದ್ದ ಗಾಳಿಗೆ ತಡೆಯಲಾಗಲಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ. ಸುಮ್ನಿರು ತಾಯಿ," ಅಂತು.

"ಊರೂರು ತಿರುಗೋ ನಿಂಗೇನು ಗೊತ್ತು ನನ್ನ ಹೊಟ್ಟೆಯ ಸಂಕಟ?" ಅಂತ ಪುಟ್ಟೀರಮ್ಮ ಅದರ ಮೇಲೇ ರೇಗಿದಳು.

ಒಂದು ಬೆಳಿಗ್ಗೆ ಮೊದಲನೆಯ ಕರಟದಲ್ಲಿ ಪುಟಾಣಿ ತಲೆಯೊಂದು ಕಂಡಿತು. ಅಯ್ಯೋ, ಅವಳ ಸಂತೋಷ ಏನು ಹೇಳಲಿ! "ಬಾ ಮಗನೇ, ಬೇಗ ಬಾ," ಅಂತ ಎರಡು ಬೆರಳಲ್ಲಿ ತಲೆ ಹಿಡಿದು ಮೆಲ್ಲಗೆ ಎಳೆದಳು.

ಪಟ್! ತಲೆ ಅವಳ ಬೆರಳಲ್ಲೇ ಉಳಿಯಿತು.

"ಅಯ್ಯೋ!" ಅಂತ ಪುಟ್ಟೀರಮ್ಮ ಕಿರುಚಿದಳು.

"ಅವ್ವಾ, ಏನಾಯ್ತು?" ಅಂತು ಇನ್ನೊಂದು ಕರಟದ ಕಾಳು.

"ನಿಮ್ಮಣ್ಣನ ತಲೆ ಕಿತ್ತುಬಿಟ್ಟೆ ಕಣೋ."

ಕಾಳು ಮಣ್ಣಲ್ಲಿ ಇನ್ನೂ ಒಳಕ್ಕೆ ಸರಿಯಿತು. ಆಮೇಲೆ, "ನಾನು ಬರಲ್ಲ," ಅಂತು.

"ಬರದಿದ್ರೆ ಒಳಗೇ ಕೊಳೀತೀಯ ಕಂದಾ!"

"ಹಾಗಾದ್ರೆ ಮುಟ್ಟಲ್ಲ ಅಂತ ಆಣೆ ಇಡು."

ಆಣೆ ಇಡಲು ಬಾಯಿ ತೆರೆದಳು. ಇಡಲಾಗಲಿಲ್ಲ. "ಸುಳ್ಳಾಗುತ್ತೆ ಕಂದಾ," ಅಂದಳು. "ಹೆದರಿಕೆ ಆದಾಗ ನನ್ನ ಕೈ ನನ್ನ ಮಾತೇ ಕೇಳಲ್ಲ. ನೀನೇ ಹುಷಾರಾಗಿ ಬಾ."

ಕಾಳು ಯೋಚಿಸಿತು. ಹಗಲು ಹೋಯಿತು, ರಾತ್ರಿ ಹೋಯಿತು, ಮತ್ತೆ ಹಗಲು ಹೋಯಿತು. ಪುಟ್ಟೀರಮ್ಮನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕರಟದ ಮಣ್ಣು ಮಾತ್ರ ಅಲುಗಲಿಲ್ಲ.

ಕೊನೆಗೊಂದು ದಿನ ಮಣ್ಣು ಬಿರುಕು ಬಿಟ್ಟಿತು. ಅವಳ ಕೈ ತಾನಾಗೇ ಮುಂದೆ ಹೋಯಿತು. ತಲೆಗಾಗಿ ತಡಕಾಡಿತು. ತಲೆಯೇ ಇಲ್ಲ! ಇದ್ದದ್ದು ಬಾಗಿದ ಬೆನ್ನೊಂದೇ. ಅದರ ಎರಡು ತುದಿಯೂ ಮಣ್ಣೊಳಗೆ ಇದ್ದವು.

"ತಲೆ ಎಲ್ಲೋ ನಿಂದು?"

"ಒಳಗೇ ಇದೆ. ಮೊದಲು ಕೈ ತೆಗೀ."

ಪುಟ್ಟೀರಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಬೆವರು ಇಳಿಯಿತು, ಕಣ್ಣೀರೂ ಇಳಿಯಿತು. ಒರೆಸಿಕೊಳ್ಳಲಿಲ್ಲ. ಆಗ ಆ ಬೆನ್ನು ಮೆಲ್ಲಗೆ ನೆಟ್ಟಗಾಯಿತು, ತಲೆ ಮಣ್ಣಿಂದ ಮೇಲೆದ್ದಿತು, ಎರಡು ಬೇಳೆ ಬಿಚ್ಚಿಕೊಂಡವು.

ಅದಕ್ಕೇ ಕಣೇ ಮಗಾ, ಇವತ್ತಿಗೂ ಅವರೆ ಮೊಳಕೆ ತಲೆ ಒಳಗಿಟ್ಟುಕೊಂಡು ಬೆನ್ನು ಬಾಗಿಸಿಕೊಂಡೇ ಬರುತ್ತೆ. ಬಗ್ಗಿ ನೋಡ್ತಿರೋ ನಿನ್ನ ಕೈ ಎಲ್ಲಿದೆ ಅಂತ ಖಾತ್ರಿಯಾಗುವವರೆಗೂ ಅದು ತಲೆ ಎತ್ತೋದಿಲ್ಲ.