ಜವಳಿ ವ್ಯಾಪಾರಿಯ ರೆಕಾರ್ಡು

ಮನೆಗೆ ಮೊದಲ ಬಾರಿ ಹೈ-ಫೈ ಸೆಟ್ಟು ಕೊಳ್ಳಲು ಹೊರಟಿದ್ದ ಶಿಷ್ಯ ತನ್ನ ಸಂಗೀತದ ಗುರುಗಳನ್ನು ಕೇಳಿದ: "ಗುರುಗಳೇ, ಟರ್ನ್‌ಟೇಬಲ್, ಆಂಪ್ಲಿಫಯರ್, ಸ್ಪೀಕರ್. ಇವುಗಳಲ್ಲಿ ಯಾವುದನ್ನು ಮೊದಲು ಆರಿಸಬೇಕು? ಎರಡು ವರ್ಷದಿಂದ ವಿಚಾರಿಸುತ್ತಲೇ ಇದ್ದೇನೆ. ಎಲ್ಲಿ ತಪ್ಪಿಬಿಟ್ಟೇನೋ ಎಂಬ ಭಯ."

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನು ಕೈಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅವಳು ಮನೆಯಲ್ಲೇ ಕೂತು ಹಾಡಿದ್ದ ಒಂದೇ ಒಂದು ರೆಕಾರ್ಡು ಉಳಿದಿತ್ತು. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ತಂದೆ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದವರು ಬದುಕಿರುವವರೆಗೂ ತೆಗೆಯಲಿಲ್ಲ. ಅವರು ಹೋದ ಮೇಲೆ ಅದು ಮಗನ ಕೈಗೆ ಬಂತು. ತಾಯಿಯ ದನಿ ಹೇಗಿತ್ತೆಂದು ಅವನಿಗೆ ತಿಳಿಯದು. ಅಂಥ ದನಿಯನ್ನು ಕಂಡಕಂಡ ಪೆಟ್ಟಿಗೆಯಲ್ಲಿ ಕೇಳಬಾರದು, ಒಳ್ಳೆಯ ಸೆಟ್ಟೇ ಆಗಬೇಕೆಂದು ನಿಶ್ಚಯಿಸಿದ.

ಸೆಟ್ಟು ಮಾರುವ ಅಂಗಡಿಯವನು ಒಂದೊಂದನ್ನೇ ಮನೆಗೆ ತಂದು ಜೋಡಿಸಿದ. ವ್ಯಾಪಾರಿ ಸೂಜಿ ಇಡುತ್ತಿದ್ದ, ಮೊದಲ ಸಾಲು ಕೇಳುತ್ತಿದ್ದ, ಸೂಜಿ ಎತ್ತಿಬಿಡುತ್ತಿದ್ದ. ಒಂದರಲ್ಲಿ ದನಿ ಮೊಂಡು, ಇನ್ನೊಂದರಲ್ಲಿ ಚೂಪು. ಸ್ಪೀಕರ್ ಬದಲಾಯಿತು, ಆಂಪ್ಲಿಫಯರ್ ಬದಲಾಯಿತು, ಮತ್ತೆ ಸ್ಪೀಕರ್. ಹೀಗೇ ವರ್ಷ ಕಳೆಯಿತು.

"ಶೆಟ್ಟರೇ, ಈ ಹಾಡಿಗೆ ಎರಡನೆಯ ಸಾಲೇ ಇಲ್ಲವೇ?" ಎಂದು ಅಂಗಡಿಯವನು ಕೆಣಕಿದ.

"ಒಂದು ಗೇಣು ಬಟ್ಟೆ ಮುಟ್ಟಿದರೆ ನನಗೆ ಇಡೀ ಥಾನು ತಿಳಿಯುತ್ತದೆ. ನೀನು ಮುಂದಿನದನ್ನು ಜೋಡಿಸಯ್ಯ."

ಸೂಜಿ ಉಜ್ಜಿ ಉಜ್ಜಿ ಮೊದಲ ಸಾಲು ಸವೆದುಹೋಯಿತು. ಒಂದು ದಿನ ಸೂಜಿ ಇಟ್ಟರೆ ಬರೀ ಗರಗರ. ತಂತಿ ಸಡಿಲವಾಗಿರಬೇಕೆಂದು ವ್ಯಾಪಾರಿ ಸ್ಪೀಕರಿನ ಹಿಂದೆ ಬಗ್ಗಿದ. ಸೂಜಿ ಎತ್ತಲು ಕೈಗೆ ಬಿಡುವಿರಲಿಲ್ಲ. ರೆಕಾರ್ಡು ಮುಂದೆ ಓಡಿತು. ಗರಗರ ಕಳೆದು ಒಬ್ಬ ಹೆಂಗಸು ತಿಳಿಯಾಗಿ ಹಾಡತೊಡಗಿದಳು. ಎರಡನೆಯ ಸಾಲು, ಮೂರನೆಯ ಸಾಲು. ನಡುವೆ ಎಲ್ಲೋ ಒಂದು ಕೂಸು ಅತ್ತಿತು. ಹಾಡು ನಿಂತಿತು.

"ಇಷ್ಟು ಸಾಕು ಬಿಡಿ, ಮಗು ಎದ್ದ" ಎಂದಳು. ರೆಕಾರ್ಡು ಅಲ್ಲಿಗೆ ಮುಗಿಯಿತು.

ವ್ಯಾಪಾರಿ ತಂತಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. ಆ ಮಗು ತಾನೇ. ತಾಯಿ ತನ್ನನ್ನು ಕುರಿತು ಆಡಿದ್ದರಲ್ಲಿ ಅವನ ಪಾಲಿಗೆ ಉಳಿದದ್ದು ಆ ಒಂದು ಮಾತು. ವರ್ಷದಿಂದ ಅದು ಅವನ ಕೈಯಲ್ಲೇ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ದಿನ ಜೋಡಿಸಿದ್ದು ಯಾವ ಸ್ಪೀಕರ್, ಗುರುಗಳೇ?"

"ನಾನೂ ಅದನ್ನೇ ಕೇಳಿದೆ, ಅವನಿಗೆ ನೆನಪಿರಲಿಲ್ಲ."